ಬೀರೇಶನ ತೋರುಬೆರಳು

"ಕ್ಲಿಪ್ ತೆಗೀತಿದ್ದೀನಿ, ರಕ್ತ ಹರಿಯುತ್ತಾ ನೋಡ್ತಿರು," ಎಂದು ಡಾ. ವಹೀದಾ ತಮ್ಮ ವಿದ್ಯಾರ್ಥಿನಿ ಹರ್ಷಿತಳಿಗೆ ಹೇಳಿದರು. ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗಕ್ಕೆ ಸಿಕ್ಕಿ ತುಂಡಾಗಿದ್ದ ಬೀರೇಶನ ತೋರುಬೆರಳನ್ನು ಆರು ಗಂಟೆ ಕಾಲ ಕೂತು ಜೋಡಿಸಿದ್ದರು. ರಕ್ತ ತಡೆಯಲು ಕ್ಲಿಪ್ ಹಾಕಿ ಕೂದಲೆಳೆಯಂಥ ರಕ್ತನಾಳಗಳನ್ನೂ ಹೊಲಿದಾಗಿತ್ತು. ಕ್ಲಿಪ್ ತೆಗೆದ ಮೇಲೂ ಬೆರಳು ಮೇಣದಂತೆ ಬಿಳಿಚಿಕೊಂಡೇ ಇತ್ತು. ಮೂರನೆಯ ನಿಮಿಷಕ್ಕೆ ಉಗುರಿನ ಬುಡದಲ್ಲಿ ಕೆಂಪು ಮೂಡಿ, ನಿಧಾನವಾಗಿ ತುದಿಯವರೆಗೂ ಹರಡಿತು.

"ಮೇಡಂ, ಬಂತು!" ಎಂದು ಹರ್ಷಿತ ಕೂಗಿದಳು. ಹೊರಗೆ ಬಂದು ಕೈ ತೊಳೆದವಳೇ ಮನೆಗೆ ಫೋನ್ ಮಾಡಿ, "ಅಮ್ಮ, ಬೆರಳು ಉಳೀತು ಕಣಮ್ಮ," ಎಂದು ನಗುತ್ತಾ ಎಲ್ಲವನ್ನೂ ಹೇಳತೊಡಗಿದಳು. ಪಕ್ಕದ ನಲ್ಲಿಯಲ್ಲಿ ವಹೀದಾ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದರು. ಇಪ್ಪತ್ತಾರು ವರ್ಷ ಕೈಬೆರಳುಗಳ ಶಸ್ತ್ರಚಿಕಿತ್ಸೆಯನ್ನೇ ಕಲಿಸಿದ್ದರು, ಅದರ ಮೇಲೆಯೇ ಸಂಶೋಧನೆ ಮಾಡಿದ್ದರು. ತಮ್ಮ ಅಮ್ಮಿ ತೀರಿಕೊಂಡ ಮೇಲೆ ಇಂಥ ಸುದ್ದಿ ಹೇಳಿಕೊಳ್ಳಲು ಅವರಿಗೆ ಯಾರೂ ಇರಲಿಲ್ಲ.

ಬೀರೇಶನ ತಾಯಿ ಆದಿಲಕ್ಷ್ಮಮ್ಮ ಆಪರೇಷನ್ ಥಿಯೇಟರಿನ ಬಾಗಿಲ ಬಳಿಯೇ ನಿಂತಿದ್ದರು. "ಬೆರಳಿಗೆ ರಕ್ತ ಹರೀತಿದೆ. ಇನ್ನೂ ಐದು ದಿನ ನೋಡ್ಬೇಕು," ಎಂದರು ವಹೀದಾ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಮುಗಿದರು. ಆಮೇಲೆ ಡಾಕ್ಟರ ಮುಖವನ್ನೇ ನೋಡಿ, "ಬೆಳಿಗ್ಗೆಯಿಂದ ಒಳಗೇ ಇದ್ದೀರಲ್ಲಮ್ಮಾ, ಏನಾದ್ರೂ ತಿಂದ್ರಾ?" ಎಂದು ಕೇಳಿದರು.

ಯಾರು ಕೇಳಿದರೂ 'ಆಯ್ತು' ಎಂದುಬಿಡುವುದು ವಹೀದಾರ ರೂಢಿ. ಇವತ್ತು ಆ ಮಾತು ಬಾಯಿಂದ ಹೊರಡಲಿಲ್ಲ.

"ಇಲ್ಲ," ಎಂದವರು ಅಲ್ಲೇ ಇದ್ದ ಬೆಂಚಿನ ಮೇಲೆ, ರೋಗಿಗಳ ಮನೆಯವರು ಕಾಯುವ ಜಾಗದಲ್ಲಿ, ಕುಳಿತುಬಿಟ್ಟರು.