ಎರಡನೆಯ ತಟ್ಟೆ

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಬೇವಿನ ಸಾರದಲ್ಲಿ ಅದ್ದಿದ ಕಾಗದದ ಸುತ್ತ ಶಿಲೀಂಧ್ರ ಸತ್ತು ಸ್ವಚ್ಛವಾದ ಉಂಗುರ ಮೂಡಿತ್ತು. ಅದು ನಬೀಸಾಬನ ಪಾದದ ಹುಣ್ಣಿನಿಂದಲೇ ತೆಗೆದು ಬೆಳೆಸಿದ ಶಿಲೀಂಧ್ರ. ಯಾವ ಔಷಧಕ್ಕೂ ಬಗ್ಗದೆ ಅದು ಎಲುಬಿಗಿಳಿದಿದ್ದರಿಂದ, ನಾಳೆ ಪಾದ ಕತ್ತರಿಸುವುದೆಂದು ಡಾಕ್ಟರು ಹೇಳಿದ್ದರು.

"ಸತ್ತದಲ್ರಿ ಸರ! ಡಾಕ್ಟರಗ ಗರಗಸ ಮನ್ಯಾಗೇ ಇಟ್ಟು ಬರ್ರಿ ಅನ್ರಿ," ಎಂದು ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವ ನಬೀಸಾಬ ನಕ್ಕ.

ಕಾಲೇಜಿನ ಅಧ್ಯಾಪಕ ಜಯತೀರ್ಥ ನಗುತ್ತಲೇ, ರೂಢಿಯಂತೆ ಹೋಲಿಕೆಗೆಂದು ಇಟ್ಟಿದ್ದ ಎರಡನೆಯ ತಟ್ಟೆ ತೆರೆದ. ಅದರಲ್ಲಿದ್ದದ್ದು ಸಾರ ತೆಗೆಯಲು ಬೇವಿನ ಎಲೆ ನೆನೆಸಿದ್ದ ಸ್ಪಿರಿಟನ್ನೇ, ಬೇವು ಬೆರೆಸದೆ ಬರಿದಾಗಿ ಹೀರಿಸಿದ ಕಾಗದ. ಅದರ ಸುತ್ತಲೂ ಅಷ್ಟೇ ಅಗಲದ ಉಂಗುರವಿತ್ತು. ಕೊಂದದ್ದು ಸ್ಪಿರಿಟು, ಬೇವು ಏನೂ ಮಾಡಿರಲಿಲ್ಲ. ಸ್ಪಿರಿಟಿನಿಂದ ಆ ಹುಣ್ಣನ್ನು ವರ್ಷಗಟ್ಟಲೆ ತೊಳೆದೂ ಆಗಿತ್ತು, ಗುಣವಾಗಿರಲಿಲ್ಲ.

"ಈ ಬೇವಿನ ಸಾರ ಯಾವಾಗಿಂದ ಹಚ್ಚಲಿ, ಸರ?"

"ನಾಳಿ ದವಾಖಾನಿಗಿ ನಾನೂ ನಿನ್ನ ಜೋಡಿ ಬರ್ತೀನಿ, ನಬೀಸಾಬ," ಎಂದ ಜಯತೀರ್ಥ.