ಹಣೆಯ ಹೊಲಿಗೆ

ಆಸ್ಪತ್ರೆಯ ಪರದೆಯ ಮೇಲಿನ ಸ್ಕ್ಯಾನಿನಲ್ಲಿ ರಂಗನಾಥರ ಹಣೆಯ ನಟ್ಟನಡುವೆ, ಮೂಗಿನ ಬುಡದಿಂದ ನೆತ್ತಿಯವರೆಗೆ, ಅಂಕುಡೊಂಕಾದ ಗೆರೆಯೊಂದು ಕಾಣುತ್ತಿತ್ತು. ಅದನ್ನು ನೋಡಿದ್ದೇ ಅವರ ಹೆಂಡತಿ ಚಂದ್ರಪ್ರಭಾ ಕೂತಲ್ಲಿಂದಲೇ ಗಂಡ ಮಲಗಿದ್ದ ಮಂಚದ ಕಂಬಿ ಹಿಡಿದುಕೊಂಡರು. ಮಧ್ಯಾಹ್ನ ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿರುವ ಮಗಳ ಮನೆಯ ಹಿತ್ತಲಲ್ಲಿ, ಬೇಡವೆಂದರೂ ಕೇಳದೆ ಮೊಮ್ಮಗಳ ಜೊತೆ ಟ್ರ್ಯಾಂಪೊಲಿನ್ ಹತ್ತಿ ಕುಣಿದು, ರಂಗನಾಥರು ಬೇಲಿಯ ಕಂಬಕ್ಕೆ ತಲೆ ಬಡಿಸಿಕೊಂಡಿದ್ದರು.

“ಬುರುಡೆ ಬಿರುಕು ಬಿಟ್ಟಿದೆಯಾ ಡಾಕ್ಟ್ರೇ?” ಎಂದು ಚಂದ್ರಪ್ರಭಾ ಕೇಳಿದರು.

“ಇಲ್ಲ ಆಂಟಿ, ಅದು ಮೆಟೊಪಿಕ್ ಸೂಚರ್,” ಎಂದಳು ಮೈಸೂರು ಕಡೆಯ ಡಾಕ್ಟರ್ ಸಂಯುಕ್ತಾ.

“ಸೂಚರ್ ಅಂದ್ರೆ ಹೊಲಿಗೆ ಅಲ್ವೇನಮ್ಮಾ? ತಲೆ ತೆರೆದು ಹೊಲೀಬೇಕಾ?” ಎಂದರು ಚಂದ್ರಪ್ರಭಾ.

ಸಂಯುಕ್ತಾ ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು. “ಹೊಲಿಗೇನೇ, ಆದ್ರೆ ನಾವು ಹಾಕೋದಲ್ಲ. ತಲೆಬುರುಡೆಯ ಮೂಳೆಗಳು ಕೂಡೋ ಜಾಗಕ್ಕೂ ಸೂಚರ್ ಅಂತಾನೇ ಹೆಸರು. ಹುಟ್ಟಿದಾಗ ಹಣೆ ಮೂಳೆ ಎರಡು ಭಾಗ ಇರುತ್ತೆ. ಸಾಮಾನ್ಯವಾಗಿ ವರ್ಷದೊಳಗೆ ಬೆಸೆದುಕೊಂಡು ಗೆರೆ ಮಾಯ ಆಗುತ್ತೆ. ಕೆಲವರಿಗೆ ಹಾಗೇ ಉಳಿಯುತ್ತೆ, ತೊಂದರೆ ಏನಿಲ್ಲ. ಅಂಕಲ್‌ಗೆ ಮೇಲೆ ಊದಿದೆ ಅಷ್ಟೇ.”

“ಅಂದ್ರೆ ಇವರದು ಇನ್ನೂ ಮಗೂ ಹಣೆ?”

“ಒಂಥರಾ ಹಾಗೇ, ಆಂಟಿ.”

ಚಂದ್ರಪ್ರಭಾಗೆ ಕಣ್ಣಲ್ಲಿ ನೀರಾಡುತ್ತಿರುವಾಗಲೇ ನಗು ಬಂತು. “ಮದುವೆ ಆದಾಗಿನಿಂದ ನಾನು ಇದನ್ನೇ ಹೇಳ್ತಿದ್ದೆ, ಯಾರೂ ನಂಬ್ಲಿಲ್ಲ!” ಎಂದವರು, ನಾಲ್ಕು ಜನರೆದುರು ಗಂಡನ ಪಕ್ಕ ಕೂರಲೂ ನಾಚುತ್ತಿದ್ದವರು, ಬಗ್ಗಿ ಅವರ ಹಣೆಗೆ ಮುತ್ತಿಟ್ಟರು.

ರಂಗನಾಥರ ಕಿವಿ ಕೆಂಪಾಯಿತು. “ಏ, ಡಾಕ್ಟ್ರು ನೋಡ್ತಿದಾರೆ ಕಣೇ.”

“ನೋಡ್ಲಿ ಬಿಡಿ,” ಎಂದು ಚಂದ್ರಪ್ರಭಾ ಇನ್ನೊಂದು ಮುತ್ತು ಕೊಟ್ಟರು.