ದಡದಲ್ಲಿರಬೇಕಾದವನು

ಎಂಜಿನ್ ಒಮ್ಮೆ ಕೆಮ್ಮಿ ಗಕ್ಕನೆ ನಿಂತುಬಿಟ್ಟಿತು. ಯಾರೋ ಬಿಟ್ಟುಹೋದ ಬಲೆಯ ಹಗ್ಗ ದೋಣಿಯಡಿಯ ಫ್ಯಾನಿಗೆ ಸುತ್ತಿಕೊಂಡಿತ್ತು. ಬಗ್ಗಿ ಕತ್ತರಿಸಲು ಹೋದ ಹಲ್ಲಿನ ಡಾಕ್ಟರ ಕೈಯಿಂದ ಚಾಕು ಜಾರಿ ಸಮುದ್ರದ ಪಾಲಾಯಿತು. ಹಾಯಿ ಬಿಚ್ಚಿದರೆ ಗಾಳಿಯ ಸುಳಿವಿಲ್ಲ, ಲಂಗರು ಬಿಟ್ಟರೆ ತಳ ಸಿಗುತ್ತಿಲ್ಲ. ನೀರಿನ ಸೆಳೆತ ಮಾತ್ರ ದೋಣಿಯನ್ನು ದೀಪಸ್ತಂಭದಾಚೆಯ ಬಂಡೆಗಳ ಕಡೆಗೆ ಎಳೆಯುತ್ತಲೇ ಇತ್ತು. ಕತ್ತಲಾಗುವುದರೊಳಗೆ ಯಾರಾದರೂ ಬಂದು ಎಳೆದೊಯ್ಯದಿದ್ದರೆ ದೋಣಿಯೂ ಚೂರು, ಒಳಗಿದ್ದ ಇಬ್ಬರೂ ಚೂರು.

"ಒಂದಿಷ್ಟೂ ಹೆದರ್ಬೇಡ," ಅಂದರು ಡಾಕ್ಟರು, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತ. "ಯೋಜನೆ ಇಲ್ದೆ ದಡ ಬಿಡೋ ಆಸಾಮಿನೇ ಅಲ್ಲ ನಾನು."

"ನಂಗೆ ಈಜು ಬರಲ್ಲ ಭಾವ," ಅಂದ ಜೊತೆಗಿದ್ದ ಮೈದುನ. ಕನ್ನಡಕದ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿದ್ದವನು, ಡಾಕ್ಟರ ಹೆಂಡತಿಯ ತಮ್ಮ.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ರಜೆಯ ದಿನ ಹಾಯಿದೋಣಿ ಬಿಡುವವರ ಕ್ಲಬ್ಬಿನಲ್ಲಿ ಅವರನ್ನು ಹಿಂದಿನಿಂದ ಎಲ್ಲರೂ ಕರೆಯುತ್ತಿದ್ದುದೇ ನಿಯಮಪ್ಪ ಅಂತ. ಗಾಳಿ ಎತ್ತ, ಉಬ್ಬರ ಎಷ್ಟೊತ್ತಿಗೆ, ಹವೆ ಕೆಟ್ಟರೆ ಯಾವ ಬಂದರು ಸೇರಿಕೊಳ್ಳಬೇಕು, ಇದೆಲ್ಲ ಹೇಳದೆ ಅವರು ಯಾರನ್ನೂ ಹೊರಡಲು ಬಿಡುತ್ತಿರಲಿಲ್ಲ. ಹೋದ ವಾರ ಉಪನ್ಯಾಸ ಕೊಟ್ಟು, ಅಪಾಯದಲ್ಲಿ ಹಾರಿಸುವ ಕೆಂಪು ಬಾಣಗಳನ್ನೆಲ್ಲ ಹಾರಿಸಿಯೂ ತೋರಿಸಿದ್ದರು. ಹೊಸವು ಇನ್ನೂ ಬಂದಿರಲಿಲ್ಲ. ಇವತ್ತು ಬೆಳಗಿನಿಂದ ಎದುರಾದ ದೋಣಿಗಳಿಗೆಲ್ಲ ವೈರ್‌ಲೆಸ್ಸಿನಲ್ಲಿ ಬುದ್ಧಿ ಹೇಳಿ ಹೇಳಿ ಅದರ ಬ್ಯಾಟರಿಯನ್ನೂ ಮುಗಿಸಿದ್ದರು. ಈಗ ಅದಕ್ಕೆ ಕೇಳಿಸಿಕೊಳ್ಳುವಷ್ಟು ಜೀವವಿತ್ತು, ಮಾತಾಡುವಷ್ಟಿರಲಿಲ್ಲ. ಮೊಬೈಲಿಗಂತೂ ಇಷ್ಟು ದೂರ ಸಿಗ್ನಲ್ಲೇ ಇಲ್ಲ.

"ಎಲ್ಲಕ್ಕಿಂತ ಮುಖ್ಯವಾದ ನಿಯಮ ಯಾವ್ದು ಗೊತ್ತಾ? ನಾವು ಎಷ್ಟೊತ್ತಿಗೆ ವಾಪಸ್ ಬರ್ತೀವಿ ಅಂತ ದಡದಲ್ಲಿ ಒಬ್ರಿಗೆ ಗೊತ್ತಿರ್ಬೇಕು. ಸಂಜೆ ಆದ್ರೂ ಬರ್ಲಿಲ್ವಾ, ಅವ್ರು ಬಂದರು ಕಚೇರಿಗೆ ಫೋನ್ ಹಚ್ತಾರೆ. ರಕ್ಷಣೆಯವ್ರು ಓಡಿ ಬರ್ತಾರೆ. ಅದಕ್ಕೇ ಅಂತ ಒಬ್ಬನ್ನ..."

ಬೇರೆಯವರ ಬಾಯಿ ತೆರೆಸುವುದೇ ಕಸುಬಾಗಿದ್ದ ಡಾಕ್ಟರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ನನ್ನನ್ನೇ ನೇಮಿಸಿದ್ರಿ," ಅಂದ ಮೈದುನ.

ಅವನು ಬೆಳಿಗ್ಗೆ ದೋಣಿ ಕಟ್ಟುವ ದಕ್ಕೆಗೆ ಬಂದದ್ದು ಹಗ್ಗ ಬಿಚ್ಚಿ ಕೈ ಬೀಸುವುದಕ್ಕಷ್ಟೇ. ಜೊತೆಗೆ ಹೊರಡಬೇಕಿದ್ದ ಔಷಧಿ ಅಂಗಡಿಯವರು ಜ್ವರ ಅಂತ ಕೈಕೊಟ್ಟರು. ಒಬ್ಬರೇ ಹೋಗಕೂಡದು ಎಂಬುದೂ ಒಂದು ನಿಯಮವೇ ಆದ್ದರಿಂದ, "ಹತ್ತೋ, ನೀನೇ ಬಾ" ಎಂದು ಡಾಕ್ಟರು ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡಿದ್ದರು.

"ಹತ್ತೋವಾಗ್ಲೇ ಹೊಳೀಬಾರ್ದೇನೋ ನಿಂಗೆ?"

"ಹೊಳೀತು ಭಾವ. ಹೇಳಿದ್ರೆ ‘ನಂಗೇ ಕಲಿಸ್ತೀಯಾ’ ಅಂತ ರೇಗ್ತೀರಿ ಅಂತ ಸುಮ್ನಾದೆ."

ಡಾಕ್ಟರು ರೇಗಲಿಲ್ಲ. ರೇಗುವ ಮುಖವೂ ಇರಲಿಲ್ಲ.

"ಹೋಗ್ಲಿ ಬಿಡಿ, ಅಕ್ಕ ಇದಾಳಲ್ಲ," ಮೈದುನ ತಾನೇ ಸಮಾಧಾನ ಹೇಳಿದ. "ಕತ್ತಲಾಗೋ ಹೊತ್ತಿಗೆ ಅವಳು ಊರೆಲ್ಲ ಎಬ್ಬಿಸ್ತಾಳೆ."

ಎಬ್ಬಿಸಿದ್ದಳು, ಹೋದ ಬೇಸಿಗೆಯಲ್ಲಿ. ಡಾಕ್ಟರು ಬರುವುದು ಕೊಂಚ ತಡವಾಯಿತು ಅಂತ ಬಂದರು ಕಚೇರಿಗೆ, ಪೊಲೀಸಿಗೆ, ಆಸ್ಪತ್ರೆಗೆ, ಎಲ್ಲ ಕಡೆಗೂ ಫೋನು ಮಾಡಿದ್ದಳು. ರಕ್ಷಣಾ ದೋಣಿ ಸೈರನ್ ಕೂಗಿಸಿಕೊಂಡು ಬಂದು, ಹಾಯಾಗಿ ಮರಳುತ್ತಿದ್ದ ನಿಯಮಪ್ಪನವರನ್ನು ಮೆರವಣಿಗೆಯಲ್ಲಿ ದಡ ಮುಟ್ಟಿಸಿತ್ತು. ಕ್ಲಬ್ಬಿನವರು ನಕ್ಕದ್ದೇ ನಕ್ಕದ್ದು. ಅವತ್ತು ಮನೆಗೆ ಹೋದವರೇ ಡಾಕ್ಟರು ಕೂಗಾಡಿ, ಇನ್ನು ಮುಂದೆ ಗಂಡನ ವಿಷಯಕ್ಕೆ ಗಾಬರಿಬಿದ್ದು ಮಾನ ಕಳೆಯುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡಿದ್ದರು.

"ಅವಳೇನು ನನ್ನ ಮಾತು ಕೇಳ್ತಾಳಾ!" ಅಂದರು ಡಾಕ್ಟರು ಈಗ. "ಮದುವೆಯಾದಾಗಿಂದ ಒಂದು ಮಾತು ಕೇಳಿದೋಳಲ್ಲ ಕಣೋ. ಬೇಡ ಅಂದಿದ್ದನ್ನೇ ಮಾಡೋದು. ಹಟಮಾರಿ. ಇವತ್ತೂ ಮಾಡೇ ಮಾಡ್ತಾಳೆ, ನೋಡ್ತಿರು."

ಇದೇ ಮಾತನ್ನು ಅವರು ದಿನಾ ದೂರಿನ ದನಿಯಲ್ಲಿ ಹೇಳುತ್ತಿದ್ದರು. ಇವತ್ತು ದೇವರಿಗೆ ಮೊರೆಯಿಟ್ಟ ಹಾಗಿತ್ತು. ಅವಳ ಹಟ, ಅವಳ ಗಾಬರಿ, ಬಾಗಿಲಲ್ಲಿ ನಿಂತು ನೂರು ಸಲ ದಾರಿ ನೋಡುವ ಅವಳ ಚಟ, ಎಲ್ಲದರ ಮೇಲೂ ಅವರಿಗೆ ಅಳು ಬರುವಷ್ಟು ಪ್ರೀತಿ ಉಕ್ಕಿತು.

ಹೊತ್ತು ಇಳಿಯಿತು. ಬಂಡೆಗೆ ಅಲೆ ಬಡಿಯುವ ಸದ್ದು ಕಿವಿಗೆ ಬೀಳತೊಡಗಿದಾಗ ವೈರ್‌ಲೆಸ್ ಗೊರಗುಟ್ಟಿತು. ಬಂದರು ಕಚೇರಿಯವನ ದನಿ: "ಡಾಕ್ಟ್ರ ದೋಣಿ ಇನ್ನೂ ಬಂದಿಲ್ಲ, ಕಟ್ಟೋ ಜಾಗ ಖಾಲಿ ಇದೆ. ಯಾವ್ದಕ್ಕೂ ಒಂದ್ಸಲ ನೋಡ್ಕೊಂಡು ಬನ್ನಿ."

"ಬಂದ್ರು ಭಾವ!" ಮೈದುನ ಅವರನ್ನು ತಬ್ಬಿಕೊಂಡುಬಿಟ್ಟ. ದೂರದಲ್ಲಿ ಬಂದರಿನ ಬಾಯಿಯಿಂದ ಕಿತ್ತಳೆ ಬಣ್ಣದ ದೋಣಿಯೊಂದು ನಿಜವಾಗಿಯೂ ಹೊರಬಿದ್ದಿತ್ತು. ಡಾಕ್ಟರ ಕಣ್ಣು ತುಂಬಿ ಬಂತು. "ಹೇಳ್ಲಿಲ್ವಾ? ನಿಮ್ಮಕ್ಕನೇ ಕಣೋ ಮಾಡಿರೋದು. ನಂಗೊತ್ತು ಅವಳ ಬುದ್ಧಿ."

ವೈರ್‌ಲೆಸ್ ಮತ್ತೆ ಗೊರಗುಟ್ಟಿತು.

"ಹೊರಟೋರು ವಾಪಸ್ ಬಂದ್ಬಿಡಿ. ಈಗ ಅವ್ರ ಮನೆಗೇ ಫೋನ್ ಮಾಡಿ ಕೇಳ್ದೆ. ಗಾಬರಿ ಬೀಳೋದೇನೂ ಬೇಡ, ದೋಣಿಗೀಣಿ ಕಳಿಸ್ಲೇಬೇಡಿ ಅಂದ್ರು ಅಮ್ಮಾವ್ರು. ಎಲ್ಲಾ ಯೋಜನೆ ಮಾಡ್ಕೊಂಡೇ ಹೋಗಿದಾರಂತೆ. ದಡದಲ್ಲಿ ಅಮ್ಮಾವ್ರ ತಮ್ಮ ಕಾಯ್ತಾ ಕೂತಿದಾರಂತೆ, ಅಂಥದ್ದೇನಾದ್ರೂ ಇದ್ರೆ ಅವ್ರೇ ಹೇಳ್ತಾರಂತೆ."

ಕಿತ್ತಳೆ ದೋಣಿ ಅಷ್ಟಗಲ ಸುತ್ತು ಹಾಕಿ, ಬಂದ ದಾರಿಗೇ ಮುಖ ಮಾಡಿತು. ಡಾಕ್ಟರು ಮಾತು ಸತ್ತ ವೈರ್‌ಲೆಸ್ಸಿನ ಗುಂಡಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದು ಅರಚುತ್ತಿದ್ದರು: "ಅದು ಅವಳ ಮಾತಲ್ರೋ! ನಂದು! ನಾನು ಹೇಳ್ಕೊಟ್ಟಿದ್ದು!"